ಸ್ನಾಯುವಿನ ಮೈಟೊಕಾಂಡ್ರಿಯ: ಲೆಕ್ಕ ಯಾಕೆ ಕೂಡುತ್ತಿಲ್ಲ?

ನಮ್ಮ ಶಿವಮೊಗ್ಗ ಕಡೆ ಅಡಿಕೆ ಕೇಣಿ ಹಿಡಿಯುವವರು ತೋಟದಲ್ಲೊಂದು ಸುತ್ತು ಹಾಕಿ, ಕೊನೆ ನೋಡಿಯೇ ಇಷ್ಟು ಕ್ವಿಂಟಾಲ್ ಆದೀತು ಅಂದುಬಿಡುತ್ತಾರೆ. ತೂಕಕ್ಕೆ ಹಾಕಿದಾಗಲೇ ನಿಜ ಗೊತ್ತಾಗುವುದು. ಸ್ನಾಯುವಿನಲ್ಲಿ ಮೈಟೊಕಾಂಡ್ರಿಯ ಎಷ್ಟಿದೆ ಎಂದು ಅಳೆಯುವವರ ಪಾಡೂ ಹೆಚ್ಚುಕಮ್ಮಿ ಇದೇ.

ಜೀವಕೋಶದೊಳಗೆ ಕೂತು ಆಹಾರದಿಂದ ಶಕ್ತಿ ತೆಗೆಯುವ ಈ ಕಣಕ್ಕೆ ಕಾರ್ಲ್ ಬೆಂಡಾ ಹೆಸರಿಟ್ಟಿದ್ದು 1898ರಲ್ಲಿ. ಅದರೊಳಗಿನ ಮಡಿಕೆಗಳು ಸರಿಯಾಗಿ ಕಂಡಿದ್ದು 1950ರ ದಶಕದಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ. ಆ ಚಿತ್ರದ ಮೇಲೆ ಚೌಕುಳಿ ಇಟ್ಟು ಎಣಿಸಿದರೆ ಪಾಲು ಸಿಗುತ್ತದೆ: ಮನುಷ್ಯರ ತೊಡೆ ಸ್ನಾಯುವಿನಲ್ಲಿ ಸುಮಾರು 5%, ಹೃದಯದಲ್ಲಿ ಕಾಲು ಭಾಗದಷ್ಟು. ಇದು ನಂಬಬಹುದಾದ ದಾರಿ. ಆದರೆ ತುಂಬಾ ನಿಧಾನ.

ಹಾಗಾಗಿ ಅಡ್ಡದಾರಿ ಬಂತು. ಓಡಿಸಿ ಪಳಗಿಸಿದ ಇಲಿಗಳ ಸ್ನಾಯುವಿನಲ್ಲಿ ಮೈಟೊಕಾಂಡ್ರಿಯದ ಕಿಣ್ವಗಳು ಸುಮಾರು ದುಪ್ಪಟ್ಟಾಗುತ್ತವೆ ಎಂದು ಜಾನ್ ಹಾಲೊಸ್ಜಿ 1967ರಲ್ಲಿ ತೋರಿಸಿದರು. ಆಮೇಲೆ ಕಿಣ್ವ ಅಳೆಯುವುದೇ ರೂಢಿಯಾಯಿತು. ಎಲ್ಲರ ಕೈಗೆ ಸಿಕ್ಕಿದ್ದು ಸಿಟ್ರೇಟ್ ಸಿಂಥೇಸ್ ಎಂಬ ಕಿಣ್ವ. ಸ್ನಾಯು ಅರೆದು, ದ್ರಾವಣಕ್ಕೆ ಹಾಕಿ, ಅದು ಎಷ್ಟು ಬೇಗ ಹಳದಿಯಾಗುತ್ತದೆ ಎಂದು 412 ನ್ಯಾನೊಮೀಟರ್ ಬೆಳಕಿನಲ್ಲಿ ನೋಡಿದರಾಯಿತು. ಅರ್ಧ ದಿನದ ಕೆಲಸ. ಆದರೆ ಇಲ್ಲಿ ಅಳೆದಿದ್ದು ಕಿಣ್ವದ ಚುರುಕನ್ನು, ಕಣದ ಮೊತ್ತವನ್ನಲ್ಲ, ಅಲ್ವಾ? ಇನ್ನೊಂದು ಗೊಂದಲವೂ ಇದೆ. ಅದನ್ನು ಒಬ್ಬರು ಹಸಿ ಸ್ನಾಯುವಿನ ಗ್ರಾಂಗೆ ಭಾಗಿಸುತ್ತಾರೆ, ಇನ್ನೊಬ್ಬರು ಪ್ರೋಟೀನಿನ ಮಿಲಿಗ್ರಾಂಗೆ. ಅದೇ ಮಾದರಿ, ಬೇರೆ ಉತ್ತರ. ಓದುವವರಿಗೆ ತಲೆಕೆಡದೆ ಇನ್ನೇನು?

ಡಿಎನ್ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ವಿಧಾನ ಬಂದ ಮೇಲೆ ಡಿಎನ್ಎ ಎಣಿಕೆ ಶುರುವಾಯಿತು. ಮನುಷ್ಯರ ಮೈಟೊಕಾಂಡ್ರಿಯಕ್ಕೆ 16,569 ಅಕ್ಷರಗಳ ತನ್ನದೇ ಡಿಎನ್ಎ ಉಂಗುರವಿದೆ. ಉಂಗುರ ಎಣಿಸಿದರೆ ಕಣ ಎಣಿಸಿದಂತೆ ಎಂದುಕೊಂಡರು. 2012ರಲ್ಲಿ ಪ್ರಕಟವಾದ ಹೋಲಿಕೆಯೊಂದು ಈ ನಂಬಿಕೆ ಅಲ್ಲಾಡಿಸಿತು. 16 ಆರೋಗ್ಯವಂತ ಯುವಕರ ತೊಡೆ ಸ್ನಾಯುವಿನ ಚಿತ್ರದ ಪಕ್ಕ ಇವನ್ನೆಲ್ಲ ಇಟ್ಟು ನೋಡಿದಾಗ ಡಿಎನ್ಎ ಹಿಂದೆ ಬಿತ್ತು. ಸಿಟ್ರೇಟ್ ಸಿಂಥೇಸ್ ಪರವಾಗಿಲ್ಲ ಅನಿಸಿತು. ಎಲ್ಲಕ್ಕಿಂತ ಚೆನ್ನಾಗಿ ಹೊಂದಿದ್ದು ಕಾರ್ಡಿಯೊಲಿಪಿನ್, ಅಂದರೆ ಮೈಟೊಕಾಂಡ್ರಿಯದ ಒಳಪೊರೆಯ ಕೊಬ್ಬು.

ಅಷ್ಟಕ್ಕೇ ಹೃದಯದ ಲೆಕ್ಕವೂ ಮುಗಿಯಿತು ಅಂದುಕೊಳ್ಳುವ ಹಾಗಿಲ್ಲ. ಆರೋಗ್ಯವಂತರ ಹೃದಯದಿಂದ ಸುಮ್ನೆ ಚೂರು ತೆಗೆಯಲು ಯಾರು ಬಿಡುತ್ತಾರೆ? ತಮಾಷೆ ನೋಡಿ, 1942ರಲ್ಲಿ ದನದ ಹೃದಯದಿಂದ ಬೇರ್ಪಡಿಸಿದ್ದಕ್ಕೇ ಆ ಕೊಬ್ಬಿಗೆ ಆ ಹೆಸರು ಬಂದಿದ್ದು. ಆದರೆ ಹೃದಯ ಸೋತಾಗ ಆ ಕೊಬ್ಬಿನ ಮುಖ್ಯ ಬಗೆಯೇ ಕಡಿಮೆಯಾಗುತ್ತದೆ. ಆಗ ಕಮ್ಮಿಯಾಗಿದ್ದು ಕಣವೋ, ಕಣದೊಳಗಿನ ಕೊಬ್ಬೋ ಎಂದು ತಿಳಿಯಲು ಮತ್ತೆ ಆ ಚೌಕುಳಿಯ ಮುಂದೆಯೇ ಕೂರಬೇಕು.