ಬಾರ್‌ನಲ್ಲಿ ಕ್ವಿಜ್ ಇಟ್ಟರೆ ಜನ ಬರುತ್ತಾರಾ? ಬಹುಮಾನ ಎಷ್ಟಿರಬೇಕು?

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದೊಂದು ಬಾರ್ ಅಂಡ್ ರೆಸ್ಟೋರೆಂಟ್ ಇದೆ. ಶನಿವಾರ ಕೂರಲು ಜಾಗ ಇರಲ್ಲ, ಮಂಗಳವಾರ ಅರ್ಧ ಟೇಬಲ್ ಖಾಲಿ. ಕ್ವಿಜ್ ಇಡೋಣ ಅಂತಿದ್ದೇವೆ. ಮೊದಲ ಬಹುಮಾನ ಎಷ್ಟು ಸಾವಿರ ಇಟ್ಟರೆ ಜನ ಬರುತ್ತಾರೆ?

ಉತ್ತರ: ಬಾರ್‌ಗಳಲ್ಲಿ ಕ್ವಿಜ್ ನಡೆಸುವುದೇ ನನ್ನ ಕೆಲಸ. ಹೊಸದಾಗಿ ಮಾತಾಡುವ ಮಾಲೀಕರೆಲ್ಲ ಮೊದಲು ಕೇಳುವುದು ಇದನ್ನೇ. ಹಿಂದೆಯೂ ಹೇಳಿದ್ದೇನೆ, ಇನ್ನೊಂದು ಸಲ ಹೇಳುತ್ತೇನೆ. ಕ್ವಿಜ್ ಇಡಿ, ಜನ ಖಂಡಿತ ಬರುತ್ತಾರೆ. ಆದರೆ ಅವರನ್ನು ಕರೆತರುವುದು ಬಹುಮಾನದ ದುಡ್ಡಲ್ಲ.

ಒಂದು ಬಾರ್‌ನಲ್ಲಿ ನನ್ನ ಮಾತು ಕೇಳದೆ ಮೊದಲ ಬಹುಮಾನ 10,000 ರೂಪಾಯಿ ಅಂತ ಬೋರ್ಡ್ ಹಾಕಿದರು. ಮೊದಲ ಮಂಗಳವಾರ 14 ಟೇಬಲ್‌ಗಳೂ ತುಂಬಿದವು. ಗೆದ್ದವರು ನಾಲ್ಕು ಜನರ ಒಂದು ತಂಡ. ಎರಡನೇ ವಾರವೂ ಅವರೇ, ಮೂರನೇ ವಾರವೂ ಅವರೇ. ಅವರದ್ದೇನೂ ತಪ್ಪಿಲ್ಲ. ಕರ್ನಾಟಕ ಕ್ವಿಜ್ ಅಸೋಸಿಯೇಷನ್ 1983ರಿಂದ ಇರುವ ಊರು ಇದು. ಕ್ವಿಜ್ಜನ್ನೇ ಉಸಿರಾಡುವವರು ಇಲ್ಲಿ ತುಂಬಾ ಜನ ಇದ್ದಾರೆ, ಹತ್ತು ಸಾವಿರ ಅಂದರೆ ಅವರು ಬರದೆ ಇರುತ್ತಾರಾ? ನಾಲ್ಕೂ ಜನ ಒಂದು ಪ್ಲೇಟ್ ಮಸಾಲೆ ಕಡಲೆಕಾಯಿ, ನಾಲ್ಕು ಲೈಮ್ ಸೋಡಾ ಮುಂದಿಟ್ಟುಕೊಂಡು ಕೂತರು, ದುಡ್ಡು ತಗೊಂಡು ಹೋದರು. ಆಫೀಸ್ ಮುಗಿಸಿ ಬಂದಿದ್ದ ಆರು ಜನರ ತಂಡ ಏಳನೇ ಸ್ಥಾನದಲ್ಲಿತ್ತು. ಪೆಪ್ಪರ್ ಚಿಕನ್, ಗೋಬಿ, ಬಿಯರು ಅಂತ ಎಲ್ಲರಿಗಿಂತ ದೊಡ್ಡ ಬಿಲ್ ಅವರದ್ದೇ. ನಾಲ್ಕನೇ ವಾರ ಅವರು ಬರಲಿಲ್ಲ. ಐದನೇ ವಾರ ಉಳಿದದ್ದು ಐದು ಟೇಬಲ್. ಆಗ ಮಾಲೀಕರು ನನ್ನನ್ನು ಕೇಳಿದ್ದು, "ಬಹುಮಾನ ಹದಿನೈದು ಸಾವಿರ ಮಾಡೋಣವಾ ಸಾರ್?"

ಬೇಡ ಅಂದೆ. ಈಗಾಗಲೇ ತಿಂಗಳಿಗೆ 40,000 ಕೊಟ್ಟು ಬಿಲ್ ಕಟ್ಟುವವರನ್ನು ಓಡಿಸಿದ್ದಾಯಿತು. ನಗದು ತೆಗೆದು ಊಟದ ಕೂಪನ್ ಇಟ್ಟೆವು, ಅದೂ ಮುಂದಿನ ಮಂಗಳವಾರ ಮಾತ್ರ ನಡೆಯುವ ಕೂಪನ್. ಕೊನೆಯಿಂದ ಎರಡನೇ ಸ್ಥಾನಕ್ಕೂ ಒಂದು ಪ್ಲೇಟ್ ಸ್ಟಾರ್ಟರ್ ಸೇರಿಸಿದೆವು. ಆಮೇಲೆ ಕೆಳಗಿನ ಟೇಬಲ್‌ಗಳೂ ಕೊನೇ ರೌಂಡ್‌ವರೆಗೆ ಏಳಲಿಲ್ಲ. ಟೇಬಲ್ ನಿಧಾನಕ್ಕೆ ತುಂಬಿದವು, ಆದರೆ ಬಂದವರು ಮತ್ತೆ ಬಂದರು.

ಬ್ರಿಟನ್ನಿನಲ್ಲಿ ಪಬ್ ಕ್ವಿಜ್ ಬೆಳೆದದ್ದೂ ಇದೇ ಲೆಕ್ಕದಲ್ಲಿ. ಶರಾನ್ ಬರ್ನ್ಸ್, ಟಾಮ್ ಪೋರ್ಟರ್ ಎಂಬ ಇಬ್ಬರು 1976ರಲ್ಲಿ ಜನ ಇಲ್ಲದ ರಾತ್ರಿಗಳಿಗೆ ಅಂತಲೇ 32 ತಂಡಗಳ ಲೀಗ್ ಶುರುಮಾಡಿದರು. ಲೀಗ್ ಅಂದರೆ ಮುಂದಿನ ವಾರವೂ ಬರಬೇಕು. ಹೋದ ವಾರ ಸೋಲಿಸಿದ ಪಕ್ಕದ ಟೇಬಲ್‌ನವರು ಕಾಯುತ್ತಿರುತ್ತಾರೆ, ಅಲ್ವಾ?

ಗುಂಪು ಕೂರುವುದು ಮಾತಿಗೆ. ಹಾಗಾಗಿ ಪ್ರಶ್ನೆಯೂ ಮಾತು ಹುಟ್ಟಿಸಬೇಕು. ಒಮ್ಮೆ ನಾನು ಕೇಳಿದ್ದು, "ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರುವ ಜಾಗದಲ್ಲಿ ಹಿಂದೆ ಯಾವ ಕೆರೆ ಇತ್ತು?" ಒಬ್ಬ "ಸಂಪಂಗಿ ಕೆರೆ" ಅಂತ ಬರೆದ. ಪಕ್ಕದವಳು ಪೆನ್ ಕಿತ್ತುಕೊಂಡು "ಅದು ಇದ್ದದ್ದು ಈಗಿನ ಕಂಠೀರವ ಸ್ಟೇಡಿಯಂ ಜಾಗದಲ್ಲಿ ಕಣೋ!" ಅಂದಳು. ಹೊಡೆದುಹಾಕಿದರು, ಮತ್ತೆ ಬರೆದರು, ಚೀಟಿಯೇ ಹರಿಯಿತು. ಧರ್ಮಾಂಬುಧಿ ಅಂತ ಉತ್ತರ ಹೇಳಿದಾಗ ಮೂರು ಟೇಬಲ್ ಒಟ್ಟಿಗೆ ಕೂಗಿದವು. ಹತ್ತರಲ್ಲಿ ಆರು ಉತ್ತರ ಸಾಧಾರಣ ತಂಡಕ್ಕೂ ಸಿಗಬೇಕು. ನಿಮ್ಮ ಜಾಣತನ ತೋರಿಸುವ ಪ್ರಶ್ನೆ ಬೇಡ.

ಉಳಿದದ್ದು ಬೇಗ ಹೇಳುತ್ತೇನೆ. ವಾರ, ಸಮಯ ಬದಲಿಸಬೇಡಿ. ಏಳೂವರೆಗೆ ಶುರು, ಒಂಬತ್ತೂವರೆಗೆ ಮುಗಿಸಿ. ಟೆರೇಸ್ ಬಾರ್ ಆದರೆ ರಾತ್ರಿ 10ರ ಮೇಲೆ ಮೈಕ್ ಹಾಕುವಂತಿಲ್ಲ. ಎರಡು ರೌಂಡ್ ನಡುವೆ ಹತ್ತು ನಿಮಿಷ ಬಿಡಿ, ಆರ್ಡರ್ ಬರುವುದು ಆಗಲೇ. 21 ತುಂಬದವರಿಗೆ ಮದ್ಯ ಕೊಡಬೇಡಿ, ತಂಡದಲ್ಲಿದ್ದರೂ ಅಷ್ಟೆ. ಕಾಸು ಕಟ್ಟಿಸಿ ಹೌಸಿ ಆಡಿಸಲು ಹೋಗಬೇಡಿ, ಸುಮ್ನೆ ಜೂಜಿನ ಕೇಸು ಮೈಮೇಲೆ ಬರುತ್ತದೆ. ಕ್ವಿಜ್ ಬದಲು ಲೈವ್ ಬ್ಯಾಂಡ್ ಅಂದರೆ ಪೊಲೀಸ್ ಲೈಸೆನ್ಸ್ ಬೇಕು. ಬೆಂಗಳೂರಿಗೆ ಅಂತ 2005ರಲ್ಲಿ ಬಂದ ಆ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದಿದೆ.

ನೀವು ಕೇಳದ ಒಂದು ವಿಷಯ ಇದೆ, ಭಾಷೆ. ಬಾರ್ ಕ್ವಿಜ್ ಅಂದರೆ ಇಂಗ್ಲಿಷೇ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ನಾನೂ ವರ್ಷಗಟ್ಟಲೆ ಹಾಗೇ ನಡೆಸಿದೆ. ಒಂದು ದಿನ ಒಂದು ರೌಂಡ್ ಪೂರ್ತಿ ಕನ್ನಡದಲ್ಲಿ ಕೇಳಿದೆ. "ಜೋಗದ ನಾಲ್ಕು ಕವಲುಗಳ ಹೆಸರೇನು?" ರಾಜ, ರಾಣಿ ಎಲ್ಲರೂ ಬರೆದರು. ರಾಕೆಟ್ ಕೆಲವರಿಗೆ ಹೊಳೆಯಿತು. ನಾಲ್ಕನೆಯದಕ್ಕೆ ಎಲ್ಲರೂ ತಲೆ ಕೆರೆದುಕೊಂಡರು. ಅಷ್ಟು ದಿನ ಕ್ವಿಜ್ ನಡೆಯುವಾಗ ಮೂಲೆಯಲ್ಲಿ ನಿಲ್ಲುತ್ತಿದ್ದ ಸಪ್ಲೈಯರ್ ಒಬ್ಬ ಅವತ್ತು ಟ್ರೇ ಹಿಡಿದುಕೊಂಡು ನನ್ನ ಪಕ್ಕ ಬಂದು ನಿಂತ. ಸಾಗರದ ಕಡೆಯ ಹುಡುಗ. "ರೋರರ್ ಸಾರ್, ನಾನು ಹೇಳಲ್ಲ ಬಿಡಿ" ಅಂತ ಕಿವಿಯಲ್ಲಿ ಪಿಸುಗುಟ್ಟಿದ. ಮುಂದಿನ ವಾರದಿಂದ ಕನ್ನಡದ ರೌಂಡ್ ಬಂದರೆ ಗಿರಾಕಿಗಳು ಅವನನ್ನೇ ತಮ್ಮ ಟೇಬಲ್‌ಗೆ ಕರೆಯತೊಡಗಿದರು.