ಗೇಟಿನಲ್ಲಿ ಮಾನವ ಹಕ್ಕಿನ ಬೋರ್ಡು, ಪಗಾರಕ್ಕೆ ಯಾರು ಹೊಣೆ?

ಪ್ರಶ್ನೆ: ನನ್ನ ತಮ್ಮ ಕಲಬುರಗಿ ಜಿಲ್ಲೆಯ ಒಂದು ದೊಡ್ಡ ಸಿಮೆಂಟ್ ಫ್ಯಾಕ್ಟರಿಯಲ್ಲಿ ಗುತ್ತೇದಾರನ ಕಡೆಯಿಂದ ಚೀಲ ಲೋಡ್ ಮಾಡುವ ಕೆಲಸಕ್ಕಿದ್ದಾನೆ. ಗೇಟಿನ ಹತ್ತಿರ ‘ಮಾನವ ಹಕ್ಕು ನೀತಿ’ ಅಂತ ದೊಡ್ಡ ಬೋರ್ಡಿದೆ. ಪಗಾರ ಮಾತ್ರ ಮುಂದಿನ ತಿಂಗಳ ಕೊನೆಗೂ ಬರಲ್ಲ. ಕೇಳಿದರೆ ‘ನೀನು ನಮ್ಮವನಲ್ಲ, ಗುತ್ತೇದಾರನ್ನ ಕೇಳು’ ಅಂತಾರೆ. ಆ ಬೋರ್ಡಿಗೆ ಏನಾದರೂ ಅರ್ಥ ಇದೆಯಾ?

ಉತ್ತರ: ‘ನಮ್ಮವನಲ್ಲ’ ಅನ್ನುವ ಮಾತು ಮೊದಲೇ ನಡೆಯಲ್ಲ. ಗುತ್ತೇದಾರ ಪಗಾರ ಕೊಡದಿದ್ದರೆ ಮುಖ್ಯ ಕಂಪನಿಯೇ ಕೊಟ್ಟು, ಆಮೇಲೆ ಅವನ ಬಿಲ್ಲಿನಲ್ಲಿ ಮುರಿದುಕೊಳ್ಳಬೇಕು ಅಂತ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. 2020ರ ಕಾರ್ಮಿಕ ಸಂಹಿತೆಯಲ್ಲೂ ಉಳಿದಿದೆ.

ಬೋರ್ಡು ಬಂದದ್ದು ಬೇರೆ ದಾರಿಯಿಂದ. 2011ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿ ಕಂಪನಿಗಳಿಗೆ ಅಂತಲೇ ಮಾರ್ಗಸೂತ್ರ ಒಪ್ಪಿತು. ಅದರ ಪ್ರಕಾರ ಕಂಪನಿ ತಾನು ತಪ್ಪು ಮಾಡದಿದ್ದರೆ ಸಾಲದು, ತನ್ನ ವ್ಯವಹಾರದಿಂದ ಯಾರಿಗೆ ಎಲ್ಲಿ ತೊಂದರೆ ಆಗಬಹುದು ಅಂತ ಮೊದಲೇ ಹುಡುಕಿ ತಡೆಯಬೇಕು, ಆಗಿಬಿಟ್ಟರೆ ಸರಿಪಡಿಸಬೇಕು. ಇದು ಕಾನೂನಲ್ಲ. ನಮ್ಮಲ್ಲಿ ಸ್ವಲ್ಪ ಬಿಗಿ ಬಂದದ್ದು ಷೇರು ಮಾರುಕಟ್ಟೆಯನ್ನು ನಿಯಂತ್ರಿಸುವ ಸೆಬಿಯಿಂದ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಲಿಸ್ಟೆಡ್ (ಷೇರು ಪೇಟೆಯಲ್ಲಿರುವ) ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್ ಅನ್ನುವ, ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ ಕೊಡಲೇಬೇಕು.

ಅದರ 5ನೇ ತತ್ವ ಪೂರ್ತಿ ಮಾನವ ಹಕ್ಕಿನದು. ಕನಿಷ್ಠ ಕೂಲಿಯಷ್ಟೇ ಸಿಗುವವರು ಎಷ್ಟು ಜನ, ಜಾಸ್ತಿ ಸಿಗುವವರು ಎಷ್ಟು, ಕಾಯಂ ಕೆಲಸಗಾರರ ಲೆಕ್ಕ ಬೇರೆ, ಉಳಿದವರದು ಬೇರೆ. ಬಾಲಕಾರ್ಮಿಕ, ಲೈಂಗಿಕ ಕಿರುಕುಳ, ಪಗಾರ, ಒಂದೊಂದರ ಮೇಲೂ ವರ್ಷದಲ್ಲಿ ಬಂದ ದೂರೆಷ್ಟು, ಬಾಕಿ ಎಷ್ಟು ಅಂತ ಬರೆಯಬೇಕು. ಕಂಪನಿಯ ವೆಬ್‌ಸೈಟಿನಲ್ಲಿ ಸಿಗುತ್ತದೆ, ತೆಗೆದು ನೋಡಿ. ಪಗಾರದ ಸಾಲಿನಲ್ಲಿ ಸೊನ್ನೆ ಇದ್ದರೆ ನನಗಂತೂ ಅನುಮಾನ. ಸಾವಿರಾರು ಜನ ದುಡಿಯುವಲ್ಲಿ ಒಂದೂ ದೂರಿಲ್ಲ ಅಂದರೆ, ದೂರು ಬರೆದುಕೊಳ್ಳುವವರೇ ಇಲ್ಲ ಅಂತಲೂ ಆಗಬಹುದು, ಅಲ್ವಾ?

ಆದರೆ ಇದೆಲ್ಲ ತೀರ್ಮಾನ ಆಗುವುದು ಬಿಲ್ ಪಾಸ್ ಮಾಡುವ ಟೇಬಲ್ ಮೇಲೆ. ಹೇಳಿದಂತೆ ನಡೆಯುವ ಕಂಪನಿ ಗುತ್ತೇದಾರನ ಬಿಲ್ಲಿನ ಜೊತೆ ಹಾಜರಿ ಪುಸ್ತಕ, ಬ್ಯಾಂಕಿಗೆ ಪಗಾರ ಹಾಕಿದ ದಾಖಲೆ, ಪಿಎಫ್ (ಭವಿಷ್ಯ ನಿಧಿ) ಕಟ್ಟಿದ ಚಲನ್ ಕೇಳುತ್ತದೆ. ಹಾಜರಿಯಲ್ಲಿ 60 ಹೆಸರಿದ್ದು ಚಲನ್‌ನಲ್ಲಿ 40 ಇದ್ದರೆ ಬಿಲ್ ಅಲ್ಲೇ ನಿಲ್ಲುತ್ತದೆ. ಅದು ಬಿಟ್ಟು, ಖರೀದಿ ವಿಭಾಗದವರು ಎಲ್ಲರಿಗಿಂತ ಕಡಿಮೆ ರೇಟು ಹೇಳಿದವನಿಗೇ ಟೆಂಡರ್ ಕೊಟ್ಟು, ಆ ರೇಟಿನಲ್ಲಿ ಕನಿಷ್ಠ ಕೂಲಿಯೂ ಗಿಟ್ಟದಿದ್ದರೆ, ಎಚ್‌ಆರ್‌ನವರು ಎಂಥ ನೀತಿ ಬರೆದರೂ ಏನು ಬಂತು?

ನಿಮ್ಮ ತಮ್ಮ ಮೊದಲು ಸರ್ಕಾರದ ಉಮಂಗ್ ಆ್ಯಪಿನಲ್ಲಿ ಪಿಎಫ್ ಪಾಸ್‌ಬುಕ್ ನೋಡಲಿ. ಗೇಟ್ ಪಾಸ್, ಹಾಜರಿ ಕಾರ್ಡಿನ ಫೋಟೋ ತೆಗೆದಿಟ್ಟುಕೊಳ್ಳಲಿ. ಆಮೇಲೆ ಕಂಪನಿಗೇ ಬರೆದು ದೂರು ಕೊಡಲಿ, ಒಬ್ಬನೇ ಬೇಡ, ನಾಲ್ಕೈದು ಜನ ಸೇರಿ, ಯಾಕಂದ್ರೆ ಒಬ್ಬನ ಗೇಟ್ ಪಾಸ್ ರದ್ದು ಮಾಡುವುದು ಸುಲಭ. ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಲಿ. ಅದಕ್ಕೂ ಬಗ್ಗದಿದ್ದರೆ ಲೇಬರ್ ಆಫೀಸು. ಸಿಮೆಂಟ್, ಗಣಿ ಇವು ಕೇಂದ್ರದ ಕಾರ್ಮಿಕ ಇಲಾಖೆಗೆ ಬರುತ್ತವೆ, ತೊಗರಿ ಬೇಳೆ ಮಿಲ್ಲಾದರೆ ರಾಜ್ಯದ್ದು. ಇದನ್ನು ಕೇಳಿಕೊಂಡು ಹೋಗದಿದ್ದರೆ ಸುಮ್ನೆ ಅಲೆದಾಟ.