ಕೆಲಸ ಮಾಡುತ್ತಾ ಬಿ.ಇ.: ಓದುವ ಗಂಟೆ ಯಾರ ಲೆಕ್ಕದಿಂದ?

ಪ್ರಶ್ನೆ: ಸರ್, ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಪೀಣ್ಯದ ಒಂದು ಕಂಪನಿಯಲ್ಲಿ ಅಪ್ರೆಂಟಿಸ್ ಆಗಿದ್ದೇನೆ. ಮನೆ ಪರಿಸ್ಥಿತಿಯಲ್ಲಿ ಕೆಲಸ ಬಿಡೋಕಾಗಲ್ಲ, ಬಿ.ಇ. ಆಸೆಯೂ ಹೋಗಿಲ್ಲ. ಸಂಜೆ ಕಾಲೇಜು ಸೇರಿದರೆ ಎರಡನ್ನೂ ತೂಗಿಸಬಹುದಾ? ಯಾರನ್ನು ಕೇಳಿದರೂ "ಟೈಮ್ ಮ್ಯಾನೇಜ್ ಮಾಡೋದು ಕಲಿ" ಅಂತಾರೆ.

ಉತ್ತರ: ಆ ಮಾತನ್ನು ನನಗೂ ಹೇಳಿದ್ದರು. ಹೇಳಿದವರು ಯಾರೂ ಸೆಕೆಂಡ್ ಶಿಫ್ಟ್ ಮಾಡುತ್ತಿರಲಿಲ್ಲ.

ಮೊದಲು ಒಂದು ವಾರದ ಲೆಕ್ಕ ಹಾಕೋಣ. ವಾರಕ್ಕೆ 168 ಗಂಟೆ. ಆರು ದಿನ ಎಂಟು ಗಂಟೆಯಂತೆ ಕೆಲಸಕ್ಕೆ 48. ಐದು ದಿನ ಮೂರು ಗಂಟೆಯಂತೆ ಕ್ಲಾಸಿಗೆ 15. ಮನೆಯಿಂದ ಫ್ಯಾಕ್ಟರಿ, ಅಲ್ಲಿಂದ ಕಾಲೇಜು, ಮತ್ತೆ ಮನೆ ಅಂತ ಓಡಾಟಕ್ಕೆ ಹದಿನಾರೂವರೆ. ರಾತ್ರಿಗೆ ಆರೂವರೆ ಗಂಟೆ ನಿದ್ದೆ ಅಂದರೂ 45 ದಾಟುತ್ತದೆ. ಸ್ನಾನ, ಊಟ, ಬಟ್ಟೆ ಒಗೆಯುವುದಕ್ಕೆ ದಿನಕ್ಕೆ ಎರಡು ಗಂಟೆ ಇಡಿ. ಎಲ್ಲ ಕಳೆದ ಮೇಲೆ ಉಳಿಯುವುದು 29 ಗಂಟೆ. ಪರವಾಗಿಲ್ಲ ಅನ್ನಿಸುತ್ತದೆ ಅಲ್ಲವೇ? ಆದರೆ ಅದರಲ್ಲಿ ಹದಿನೈದೂವರೆ ಗಂಟೆ ಭಾನುವಾರದ್ದು, ಆರು ಶನಿವಾರದ್ದು. ಸೋಮವಾರದಿಂದ ಶುಕ್ರವಾರದವರೆಗೆ ನಿಮ್ಮ ಕೈಗೆ ಸಿಗುವುದು ದಿನಕ್ಕೆ ಒಂದೂವರೆ ಗಂಟೆ. ಅದೂ ಬಹುತೇಕ ರಾತ್ರಿ ಹತ್ತೂವರೆಯ ಮೇಲೆ, ಕೂಲೆಂಟ್ ವಾಸನೆಯ ಶರ್ಟು ಬಿಚ್ಚಿ ಬಕೆಟ್ಟಿಗೆ ಹಾಕಿದ ನಂತರ.

ಅಂದರೆ ತೂಗಿಸಬಹುದು, ಇದಕ್ಕೆ ಕೈ ಹಾಕುವವರು ಯಾರೂ ಇಲ್ಲದಿದ್ದರೆ ಮಾತ್ರ. ಕೈ ಹಾಕುವುದು ಎರಡು: ಶಿಫ್ಟ್ ಬದಲಾವಣೆ ಮತ್ತು ಓಟಿ (ಓವರ್‌ಟೈಮ್).

ನನ್ನ ಮೂರನೇ ಸೆಮಿಸ್ಟರ್ ಹೋದದ್ದು ಹೀಗೆಯೇ. ಜನರಲ್ ಶಿಫ್ಟ್ ಅಂತ ಬಾಯಿಮಾತಿನಲ್ಲಿ ಒಪ್ಪಿಸಿಕೊಂಡು ಕಾಲೇಜು ಸೇರಿದ್ದೆ. ತಿಂಗಳ ಕೊನೆಯ ಡಿಸ್ಪ್ಯಾಚ್ ಒತ್ತಡ ಬಂತು. ಸೂಪರ್‌ವೈಸರ್ "ಎರಡು ವಾರ ಅಡ್ಜಸ್ಟ್ ಮಾಡ್ಕೊಳಪ್ಪಾ" ಅಂದರು. ಎರಡು ವಾರ ಅಂದದ್ದು ಎರಡು ತಿಂಗಳಾಯಿತು. ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ ಮೆಷಿನ್ ಮುಂದೆ ನಿಂತಿದ್ದರೆ ಸಂಜೆ ಆರರ ಕ್ಲಾಸಿಗೆ ಯಾವ ಟೈಮ್ ಟೇಬಲ್ ಹಾಕಿಕೊಂಡು ಹೋಗುವುದು? ಎಂ-3, ಅಂದರೆ ಮೂರನೇ ಸೆಮಿಸ್ಟರಿನ ಗಣಿತ, ಹಾರಿತು. ಅದರ ಲ್ಯಾಪ್ಲಾಸ್ ಟ್ರಾನ್ಸ್‌ಫಾರ್ಮ್ ಅಧ್ಯಾಯ ಪೂರ್ತಿ ಆ ಎರಡು ತಿಂಗಳಲ್ಲೇ ಮುಗಿಸಿದ್ದರು. ಪಿಯುಸಿ ಮಾಡಿ ಬಂದವರಷ್ಟು ಗಣಿತ ಡಿಪ್ಲೊಮಾದವರಿಗೆ ಆಗಿರುವುದಿಲ್ಲ, ಕ್ಲಾಸ್ ತಪ್ಪಿದರೆ ನೋಟ್ಸ್ ಜೆರಾಕ್ಸ್ ಮಾಡಿಸಿ ಓದಿಕೊಳ್ಳುವ ವಿಷಯವೂ ಅದಲ್ಲ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜಾದರೆ ಪ್ರತಿ ವಿಷಯದಲ್ಲೂ 85% ಹಾಜರಿ ಬೇಕು. ಈಗಿನ ಪದ್ಧತಿಯಲ್ಲಿ ಅರ್ಧ ಅಂಕ ಕಾಲೇಜಿನಲ್ಲೇ ನಡೆಯುವ ಇಂಟರ್ನಲ್ಸ್‌ನದ್ದು, 50ಕ್ಕೆ 20 ಬರದಿದ್ದರೆ ಸೆಮಿಸ್ಟರ್ ಪರೀಕ್ಷೆಗೆ ಕೂರುವ ಹಾಗೇ ಇಲ್ಲ.

ಆದ್ದರಿಂದ ಓದುವ ಗಂಟೆ ಯಾರ ಲೆಕ್ಕದಿಂದ ಬರುತ್ತದೆ ಎನ್ನುವುದು ಮೊದಲು ತೀರ್ಮಾನವಾಗಲಿ. ಇಂಗ್ಲೆಂಡಿನಲ್ಲಿ 2015ರಿಂದ 'ಡಿಗ್ರಿ ಅಪ್ರೆಂಟಿಸ್‌ಶಿಪ್' ಅಂತ ಒಂದು ವ್ಯವಸ್ಥೆ ನಡೆಯುತ್ತಿದೆ. ಕಂಪನಿಯ ಸಂಬಳದಲ್ಲೇ ಇದ್ದುಕೊಂಡು ಎಂಜಿನಿಯರಿಂಗ್ ಪದವಿ ಪಡೆಯಬಹುದು, ಫೀಸು ಹುಡುಗನ ತಲೆ ಮೇಲಿಲ್ಲ. ದೊಡ್ಡ ಕಂಪನಿಗಳಿಂದ 2017ರಿಂದ ಅಪ್ರೆಂಟಿಸ್ ತರಬೇತಿಗಾಗಿಯೇ ಒಂದು ತೆರಿಗೆ ವಸೂಲಾಗುತ್ತದೆ: ಸಂಬಳದ ಮೊತ್ತ ವರ್ಷಕ್ಕೆ 30 ಲಕ್ಷ ಪೌಂಡ್ ದಾಟಿದರೆ 0.5%. ತರಬೇತಿಗೆ ಅಂತ ಮೀಸಲಿಡುವ ಸಮಯವನ್ನು ಕೆಲಸದ ಅವಧಿಯೊಳಗೇ ಕೊಡಬೇಕು. 2022ರ ಆಗಸ್ಟ್‌ನಲ್ಲಿ ಬಂದ ನಿಯಮದಂತೆ ಪೂರ್ಣಾವಧಿಯವರಿಗೆ ಅದು ವಾರಕ್ಕೆ ಸರಾಸರಿ ಆರು ಗಂಟೆ ಇತ್ತು, 2025ರ ಆಗಸ್ಟ್‌ನಲ್ಲಿ ಆ ಲೆಕ್ಕ ಬದಲಾಯಿತು. ಅಲ್ಲಿನ ಹುಡುಗರಿಗೂ ಅಸೈನ್‌ಮೆಂಟು, ಕೆಲಸದ ದಾಖಲೆ ಬರೆಯುವುದು ಅಂತ ರಾತ್ರಿ ಕೂರುವುದು ತಪ್ಪಿಲ್ಲ. ಆದರೂ ಆ ತರಬೇತಿಯ ಸಮಯ ಕಂಪನಿಯ ಗಡಿಯಾರದಿಂದ ಕಳೆಯುತ್ತದೆ. ನಮ್ಮ ಸಂಜೆ ಕಾಲೇಜಿನಲ್ಲಿ ಅಷ್ಟೂ ಗಂಟೆ ನಿಮ್ಮ ನಿದ್ದೆಯಿಂದ ಕಳೆಯುತ್ತದೆ.

ಹಾಗಂತ ನಿಮ್ಮ ಕೈಯಲ್ಲಿ ಏನೂ ಇಲ್ಲ ಎಂದೇನಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ 15ನೇ ಸೆಕ್ಷನ್ ಒಮ್ಮೆ ಓದಿಕೊಳ್ಳಿ. ಸರ್ಕಾರದ ಅಪ್ರೆಂಟಿಸ್‌ಶಿಪ್ ಅಡ್ವೈಸರ್ ಒಪ್ಪಿಗೆ ಇಲ್ಲದೆ ಅಪ್ರೆಂಟಿಸ್‌ಗೆ ಓಟಿ ಮಾಡಿಸುವಂತಿಲ್ಲ, ಅವನೇ ಮಾಡುತ್ತೇನೆಂದರೂ ಬಿಡುವಂತಿಲ್ಲ. ಶಾಪ್ ಫ್ಲೋರಿನಲ್ಲಿ ಇದು ಎಷ್ಟು ಜನಕ್ಕೆ ಗೊತ್ತು ಅಂತ ಕೇಳಬೇಡಿ. ಇದನ್ನು ಹಿಡಿದು ಜಗಳಕ್ಕೆ ಹೋಗಿ ಎಂದೂ ನಾನು ಹೇಳುತ್ತಿಲ್ಲ. ಎಚ್‌ಆರ್ ಹತ್ತಿರ "ಸರ್, ಅಪ್ರೆಂಟಿಸ್‌ಗೆ ಓಟಿ ಹಾಕೋ ಹಾಗಿಲ್ಲ ಅಂತ ಕೇಳಿದೀನಿ, ಹೌದಾ?" ಅಂತ ಮೆತ್ತಗೆ ಕೇಳಿದರೂ ಕೆಲಸ ಆಗುತ್ತದೆ.

ಇದೇ ಕಾಯ್ದೆಯಲ್ಲಿ ನಿಮಗೆ ತೊಡಕಾಗಬಹುದಾದ ಒಂದು ಅಂಶವೂ ಇದೆ. ಅದರ 18ನೇ ಸೆಕ್ಷನ್ ಪ್ರಕಾರ ಅಪ್ರೆಂಟಿಸ್ ಅಂದರೆ ತರಬೇತಿ ಪಡೆಯುವವನು, ಕಾರ್ಮಿಕನಲ್ಲ. ಕೆಲಸದಲ್ಲಿರುವವರಿಗೆ ಅಂತ 2023-24ರಿಂದ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಸಂಸ್ಥೆ ಎಐಸಿಟಿಇ ಒಪ್ಪಿಗೆ ಕೊಟ್ಟಿರುವ ಬಿ.ಇ. ಸೀಟುಗಳಿಗೆ ಒಂದು ವರ್ಷದ ಕೆಲಸದ ಅನುಭವ ಕೇಳುತ್ತಾರೆ. ನಿಮ್ಮ ಲೆಟರಿನಲ್ಲಿ ಅಪ್ರೆಂಟಿಸ್ ಎಂದಿದೆಯೋ, ಟ್ರೇನಿ ಎಂದಿದೆಯೋ, ಎಂಪ್ಲಾಯಿ ಎಂದಿದೆಯೋ ನೋಡಿ, ಅದನ್ನೇ ಕಾಲೇಜಿನ ಅಡ್ಮಿಷನ್ ಕೌಂಟರಿನಲ್ಲಿ ತೋರಿಸಿ ಕೇಳಿ. ಫೀಸು ಕಟ್ಟಿದ ಮೇಲೆ ಕೇಳಬೇಡಿ. ದುಡ್ಡಿನ ಮಾತೂ ಇಲ್ಲೇ ಬಂತು: 2019ರಲ್ಲಿ ಡಿಪ್ಲೊಮಾ ಅಪ್ರೆಂಟಿಸ್‌ಗೆ ನಿಗದಿಯಾದ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 8,000 ರೂಪಾಯಿ. ಅದರಲ್ಲಿ ರೂಮ್ ಬಾಡಿಗೆ, ಊಟ ಕಳೆದು ಬಿ.ಇ. ಫೀಸು ಹೊಂದಿಸುವುದು ಕಷ್ಟ. ಅಪ್ರೆಂಟಿಸ್ ವರ್ಷ ಮುಗಿಸಿ, ಕೆಲಸ ಕಾಯಂ ಆದ ಮೇಲೆ ಸೇರಿ ಎಂದೇ ನನ್ನ ಸಲಹೆ. ಆ ಒಂದು ವರ್ಷ ಗಣಿತ ಓದಿಕೊಳ್ಳಿ. ಡಿಪ್ಲೊಮಾದವರಿಗೆ ನೇರ ಎರಡನೇ ವರ್ಷಕ್ಕೆ ಪ್ರವೇಶ ಸಿಗುವುದರಿಂದ, ಮೊದಲ ವರ್ಷದ ಕ್ಯಾಲ್ಕುಲಸ್ ಬರುತ್ತದೆ ಎಂದುಕೊಂಡೇ ಮೇಷ್ಟ್ರು ಪಾಠ ಶುರು ಮಾಡುತ್ತಾರೆ.

ಇನ್ನು ಶಿಫ್ಟಿನ ವಿಷಯ. ಎಂ-3 ಹೋದ ಮೇಲೆ ನಾನು ಕಲಿತದ್ದು ಇಷ್ಟು: ಬಾಯಿಮಾತು ಬೇಡ, ಮೇಲ್ ಹಾಕಿ. ಕಾಲೇಜಿನ ಕ್ಯಾಲೆಂಡರ್ ಬಂದ ದಿನವೇ ಇಂಟರ್ನಲ್ಸ್ ತಾರೀಖುಗಳನ್ನು ಸೂಪರ್‌ವೈಸರ್‌ಗೆ ಕೊಡಿ. ಹಿಂದಿನ ದಿನ ಹೋಗಿ ರಜೆ ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಬದಲಿಗೆ ಏನಾದರೂ ಕೊಡಬೇಕಾಗುತ್ತದೆ. ನಾನು ಕೊಟ್ಟದ್ದು ಹಬ್ಬಗಳನ್ನು. ಯುಗಾದಿಗೆ, ದೀಪಾವಳಿಗೆ ಎಲ್ಲರೂ ಊರಿಗೆ ಹೋಗುವಾಗ ನಾನು ಡ್ಯೂಟಿಗೆ ನಿಂತೆ. ಅಮ್ಮ ಮೂರು ವರ್ಷ ಗೊಣಗಿದರು. ಸೆಕೆಂಡ್ ಶಿಫ್ಟೇ ಬೇಕು ಎನ್ನುವವರೂ ಇರುತ್ತಾರೆ, ಅಂಥವರನ್ನು ಹುಡುಕಿ. ನಮ್ಮಲ್ಲಿ ಒಬ್ಬರು ಬೆಳಿಗ್ಗೆ ಹಾಲು ಹಾಕುತ್ತಿದ್ದರು, ಮಧ್ಯಾಹ್ನ ಎರಡಕ್ಕೆ ಬರುವುದು ಅವರಿಗೆ ಅನುಕೂಲ. ನನ್ನ ಡಿಗ್ರಿಯಲ್ಲಿ ಆ ಅಣ್ಣನಿಗೂ ಪಾಲಿದೆ.

ಕೆಲಸವೇ ಪಾಠ ಆಗುತ್ತದೆ ಅಂತ ಕಾಲೇಜಿನವರು ಹೇಳುವುದನ್ನು ಅರ್ಧ ಮಾತ್ರ ನಂಬಿ. ಲ್ಯಾಪ್ಲಾಸನ್ನು ಯಾವ ಲೇತ್ ಮೆಷಿನ್ನೂ ಕಲಿಸುವುದಿಲ್ಲ. ಆದರೆ ಕೆಲವು ಕಡೆ ಅದು ನಿಜ. ನಮ್ಮ ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಂ ನಡೆಸುವ) ಮೆಷಿನ್ನಿನಲ್ಲಿ ಬೆಳಗಿನ ಮೊದಲ ಹತ್ತು ಪೀಸಿನಲ್ಲಿ ಸೈಜು ಓಡುತ್ತಿತ್ತು, ಅಂದರೆ ಅಳತೆ ಒಂದೇ ಸಮ ಬರುತ್ತಿರಲಿಲ್ಲ. ಹಳೆಯ ಆಪರೇಟರ್ ಏನೂ ಮಾತಾಡದೆ ಆಫ್‌ಸೆಟ್‌ನಲ್ಲಿ, ಅಂದರೆ ಟೂಲಿನ ಜಾಗ ತಿದ್ದುವ ಅಂಕಿಯಲ್ಲಿ, ಹತ್ತು ಮೈಕ್ರಾನ್ (ಮಿ.ಮೀ.ನ ನೂರನೇ ಒಂದು ಭಾಗ) ಹಾಕಿ, ಒಂಬತ್ತು ಗಂಟೆಗೆ ವಾಪಸ್ ತೆಗೆಯುತ್ತಿದ್ದರು. ಯಾಕೆ ಅಂದರೆ "ಮೆಷಿನ್ನಿಗೂ ಚಳಿ ಬಿಡಬೇಕು" ಅನ್ನುತ್ತಿದ್ದರು. 100 ಮಿ.ಮೀ. ಉದ್ದದ ಉಕ್ಕು 10 ಡಿಗ್ರಿ ಬಿಸಿಯಾದರೆ ಸುಮಾರು 12 ಮೈಕ್ರಾನ್ ಬೆಳೆಯುತ್ತದೆ ಅಂತ ಸಂಜೆ ಕ್ಲಾಸಿನಲ್ಲಿ ಲೆಕ್ಕ ಬಿಡಿಸಿದ ದಿನ ನನಗೆ ನಗು ತಡೆಯಲಾಗಲಿಲ್ಲ. ಮಾರನೇ ದಿನದಿಂದ ಪೀಸ್ ನಂಬರು, ಸಮಯ, ಸೈಜು ಬರೆದಿಡುತ್ತಾ ಹೋದೆ. ಕೊನೆಯ ವರ್ಷದ ಪ್ರಾಜೆಕ್ಟು ಅದೇ ಆಯಿತು, ಎಲ್ಲರೂ ದುಡ್ಡು ಕೊಟ್ಟು ಪ್ರಾಜೆಕ್ಟ್ ಮಾಡಿಸಲು ಓಡಾಡುತ್ತಿದ್ದ ಹೊತ್ತಿನಲ್ಲಿ ನನಗೆ ಎರಡು ತಿಂಗಳು ಉಳಿಯಿತು. ನೀವೂ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಕಂಪನಿಯ ಡ್ರಾಯಿಂಗನ್ನು ಮಾತ್ರ ಫೋಟೊ ಹೊಡೆಯಬೇಡಿ, ಒಪ್ಪಿಗೆ ಕೇಳಿ.

ಅರ್ಜಿ ಹಾಕುವ ಮೊದಲು ಇನ್ನೊಂದು ಮಾಡಿ. ಹೊಸ ಪ್ರೋಗ್ರಾಂ ಹಾಕಿದಾಗ ಜಾಬ್ ಕಟ್ಟದೆ, ಮೆಷಿನ್ನನ್ನು ಖಾಲಿ ಓಡಿಸಿ ಡ್ರೈ ರನ್ ಮಾಡುತ್ತೀರಲ್ಲ, ಹಾಗೆ. ಸೋಮವಾರದಿಂದ ಐದು ದಿನ ಶಿಫ್ಟ್ ಮುಗಿಸಿ ನೇರ ಆ ಕಾಲೇಜಿನ ತನಕ ಹೋಗಿ. ಹತ್ತಿರದ ಲೈಬ್ರರಿಯೋ ಪಾರ್ಕಿನ ಬೆಂಚೋ ನೋಡಿಕೊಂಡು ಕೂತು ಎಂ-3ರ ಒಂದು ಅಧ್ಯಾಯ ತೆಗೆಯಿರಿ, ಒಂಬತ್ತಕ್ಕೆ ಎದ್ದು ಮನೆಗೆ ಹೊರಡಿ. ಬಾಗಿಲು ತೆಗೆದಾಗ ಎಷ್ಟು ಗಂಟೆ, ಎಷ್ಟು ಲೆಕ್ಕ ಬಿಡಿಸಿದಿರಿ ಅಂತ ಪ್ರತಿ ರಾತ್ರಿ ಬರೆದಿಡಿ. ಶುಕ್ರವಾರದ ಸಾಲಿನಲ್ಲಿ ಲೆಕ್ಕದ ಜಾಗ ಖಾಲಿ ಇದ್ದರೆ ಈ ವರ್ಷದ ಅರ್ಜಿ ಬಿಡಿ, ಕಾಲೇಜಿನ ಹತ್ತಿರ ರೂಮ್ ಸಿಗುತ್ತದಾ ನೋಡಿ.